ಹತ್ತೊಂಬತ್ತಕ್ಕೇ ನಿವೃತ್ತಳಾದ ಮಿಡತೆ

ಆ ಹುಡುಗಿಗೆ ಮಿಡತೆ ಎಂದು ಅಡ್ಡಹೆಸರಿಟ್ಟವನು ಅವಳ ಅಪ್ಪನೇ. ಅವನದು ಲಿಫ್ಟ್ ರಿಪೇರಿ ಮಾಡುವ ಕೆಲಸ. ಇಪ್ಪತ್ತಾರು ವರ್ಷದಿಂದ ಒಂದೇ ಗೆರೆಯಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡುವ ವಸ್ತುವಿನ ಜೊತೆ ಬಾಳ್ವೆ ಮಾಡಿದವನಿಗೆ, ಮಗಳು ಒಂದು ಹುಚ್ಚಿನಿಂದ ಇನ್ನೊಂದು ಹುಚ್ಚಿಗೆ ಅಡ್ಡಡ್ಡ ಹಾರುವುದು ಸೋಜಿಗವಾಗಿ ಕಾಣುತ್ತಿತ್ತು. ಎರಡು ತಿಂಗಳು ಗಿಟಾರ್. ಆಮೇಲೆ ಈಜು. ಆಮೇಲೆ ಹಳೆಯ ಬೀಗಗಳನ್ನು ಬಿಚ್ಚಿ ಜೋಡಿಸುವುದು. ಬಿಚ್ಚುವುದು ಬಂತು, ಜೋಡಿಸುವುದು ಬರುವಷ್ಟರಲ್ಲಿ ಮಂಚದ ಕೆಳಗೆ ಅಣಬೆ ಬೆಳೆಯುವ ಆಸೆ ಹುಟ್ಟಿತು. ಆಸೆ ಹೋಯಿತು, ಅಣಬೆ ಹೋಗಲಿಲ್ಲ. ಅಮ್ಮ ಗುಡಿಸುವಾಗ ಇವತ್ತಿಗೂ ಒಂದೆರಡು ಸಿಗುತ್ತವೆ.

ಮಿಡತೆ ಕಾಲೇಜಿನ ಎರಡನೇ ವರ್ಷಕ್ಕೆ ಬಂದಾಗ ಅಲ್ಲಿ ಹೊಸದೊಂದು ನಿಯಮ ಬಂತು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಆಸಕ್ತಿ ಏನು, ಮುಂದೆ ಏನು ಮಾಡುತ್ತೇನೆ ಎಂಬುದನ್ನು ವರ್ಷಕ್ಕೊಂದು ಸಾಲಿನಂತೆ ಬರೆದು ಕೊಡಬೇಕು. ಇಪ್ಪತ್ತನೇ ವಯಸ್ಸಿನಿಂದ ಐವತ್ತೆಂಟರವರೆಗೆ ಮೂವತ್ತೊಂಬತ್ತು ಸಾಲು. ಅದಕ್ಕೆ ಮುಂದಾಲೋಚನೆ ನಮೂನೆ ಎಂದು ಹೆಸರು. ಅದನ್ನು ನೋಡಿಕೊಳ್ಳಲು ಬಂದ ಅಧಿಕಾರಿಯನ್ನು ಹುಡುಗರೆಲ್ಲ ಮುಂದಾಲೋಚನೆ ಸಾಹೇಬರು ಎಂದೇ ಕರೆಯುತ್ತಿದ್ದರು. ಬಡಕಲು ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡದ ಮುಖ.

"ಏನಮ್ಮಾ, ಐದು ಸಾಲೂ ತುಂಬಿಸಿಲ್ವಲ್ಲ?" ಎಂದು ಅವರು ಮಿಡತೆಯ ಹಾಳೆ ಎತ್ತಿ ಬೆಳಕಿಗೆ ಹಿಡಿದು ಕೇಳಿದರು.

"ಸರ್, ನಂಗೆ ಏನಿಷ್ಟ ಅಂತ ಇನ್ನೂ ಗೊತ್ತಾಗಿಲ್ಲ."

"ಗೊತ್ತಾಗೋದಕ್ಕೆ ಕಾಲಂ ಇಲ್ಲಮ್ಮ. ಬರೆಯೋದಕ್ಕೆ ಮಾತ್ರ ಇದೆ. ಸೋಮವಾರದೊಳಗೆ ತುಂಬಿಸ್ಕೊಂಡು ಬಾ."

ಭಾನುವಾರ ಮಧ್ಯಾಹ್ನ ಮಿಡತೆ ಆ ಹಾಳೆಯನ್ನು ಹಿಡಿದು ಮನೆಯ ಮುಂದಿನ ಕೋಣೆಯಲ್ಲಿ ಕೂತಳು. ಅದು ಅಮ್ಮನ ಹೊಲಿಗೆ ಅಂಗಡಿಯೂ ಹೌದು. ಅಮ್ಮ ಯಾರದೋ ಪ್ಯಾಂಟಿನ ಸೊಂಟ ಬಿಚ್ಚಿ ಅಗಲ ಮಾಡುತ್ತಿದ್ದಳು. ಅಮ್ಮನ ತಾಯಿ, ಎಂದರೆ ಅಜ್ಜಿ, ಕಿಟಕಿಯ ಪಕ್ಕ ಕೂತು ಅಂಗಿಯೊಂದಕ್ಕೆ ಗುಂಡಿಮನೆ ಹೊಲಿಯುತ್ತಿದ್ದಳು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರು ಅಂತ ಗಾದೆ ಇದೆ," ಎಂದಳು ಅಮ್ಮ, ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆ. "ಇವರು ಕೂಸಿಗೆ ಪಿಂಚಣಿ ಕಾಗದಾನೂ ಮಾಡಿಸ್ತಿದ್ದಾರೆ."

"ಬರೀಲಿ ಬಿಡು. ಲಿಫ್ಟ್ ಒಳಗೆ ಹೋಗಿ ಗುಂಡಿ ಒತ್ತದೆ ನಿಂತ್ರೆ ಅದು ಎಲ್ಲಿಗೆ ಹೋಗುತ್ತೆ?" ಎಂದ ಅಪ್ಪ.

"ಬೇರೆಯವರು ಒತ್ತಿದ ಕಡೆ ಹೋಗುತ್ತೆ," ಎಂದಳು ಅಜ್ಜಿ.

ಮಿಡತೆ ಪೆನ್ನು ಕಚ್ಚಿದಳು. ಇಪ್ಪತ್ತು, ಇಪ್ಪತ್ತೊಂದಕ್ಕೆ ಕಾಲೇಜು ಎಂದು ಆಗಲೇ ಬರೆದಾಗಿತ್ತು. ಮೋಡ ನೋಡುವುದು ಅವಳಿಗೆ ಇಷ್ಟ. ಇಪ್ಪತ್ತೆರಡರಿಂದ ಮೂವತ್ತೊಂದರವರೆಗೆ ಹವಾಮಾನ ಕೇಂದ್ರ ಎಂದು ಬರೆದಳು. ಚಪ್ಪಲಿ ಅಂಗಡಿಯ ಮುಂದೆ ಅವಳು ಯಾವಾಗಲೂ ಎರಡು ನಿಮಿಷ ನಿಲ್ಲುತ್ತಾಳೆ. ಮೂವತ್ತೆರಡರಿಂದ ನಲವತ್ತೈದರವರೆಗೆ ಪಾದರಕ್ಷೆ ತಯಾರಿಕೆ. ಅಲ್ಲಿಗೆ ತಲೆ ಖಾಲಿಯಾಯಿತು. ಇನ್ನೂ ಹದಿಮೂರು ಸಾಲು ಬಾಯಿ ತೆರೆದುಕೊಂಡು ಕೂತಿದ್ದವು.

"ಹಲ್ಲು ಅಂತ ಬರಿ," ಎಂದಳು ಅಜ್ಜಿ. ಅವಳ ಹಲ್ಲಿನ ಸೆಟ್ಟು ಆ ವಾರ ಮತ್ತೆ ಒಸಡಿಗೆ ಒತ್ತುತ್ತಿತ್ತು. "ನೆಟ್ಟಗೆ ಹಲ್ಲು ಮಾಡೋರು ಯಾರಾದ್ರೂ ಒಬ್ರು ನಮ್ಮ ಮನೇಲಿ ಇರ್ಲಿ."

ಮಿಡತೆ ಹಿಂದುಮುಂದು ನೋಡದೆ ನಲವತ್ತಾರರಿಂದ ಐವತ್ತೆಂಟರವರೆಗೆ "ಕೃತಕ ದಂತ ತಯಾರಿಕೆ, ಹಲ್ಲಕ್ಕನ ಕಾರ್ಖಾನೆ" ಎಂದು ಗೀಚಿ, ಕೊನೆಯ ಸಾಲಿನ ಕೆಳಗೆ "ನಿವೃತ್ತಿ" ಎಂದು ಬರೆದು ಹಾಳೆ ಮಡಚಿದಳು. ಹಲ್ಲಕ್ಕ ಎಂದರೆ ಎರಡು ಬೀದಿ ಆಚೆ ದಂತವೈದ್ಯರ ಚಿಕಿತ್ಸಾಲಯದ ಹಿಂದೆ ಹಲ್ಲಿನ ಸೆಟ್ಟು ಮಾಡಿಕೊಡುವ ಹೆಂಗಸು. ಅವಳ ನಿಜವಾದ ಹೆಸರು ಅವಳಿಗೇ ನೆನಪಿತ್ತೋ ಇಲ್ಲವೋ.

ಸೋಮವಾರ ಕಚೇರಿಯಲ್ಲಿ ಆದದ್ದು ಇಷ್ಟು. ನಮೂನೆಗಳಿಗೆ ಸೀಲು ಹಾಕುವ ಗುಮಾಸ್ತೆಯ ಬಳಿ ಮೂರು ಸೀಲು ಇರಬೇಕಿತ್ತು. "ಸಲ್ಲಿಕೆಯಾಗಿದೆ" ಎಂಬ ಸೀಲಿನ ರಬ್ಬರು ಕಿತ್ತುಹೋಗಿ ರಿಪೇರಿಗೆ ಹೋಗಿತ್ತು. ಉಳಿದವು ಎರಡು: "ತಿರಸ್ಕರಿಸಲಾಗಿದೆ", "ಪೂರ್ಣಗೊಂಡಿದೆ". ಬೇರೆ ಹುಡುಗರೆಲ್ಲ ನಾಲ್ಕೈದು ಸಾಲು ಬರೆದು ಕೈಬಿಟ್ಟಿದ್ದರು. ಅವರ ಹಾಳೆಗಳೆಲ್ಲ ತಿರಸ್ಕೃತವಾಗಿ ವಾಪಸ್ ಹೋದವು. ಮೂವತ್ತೊಂಬತ್ತೂ ಸಾಲು ತುಂಬಿಸಿದವಳು ಇಡೀ ಕಾಲೇಜಿನಲ್ಲಿ ಮಿಡತೆ ಒಬ್ಬಳೇ. ಗುಮಾಸ್ತೆ ಒಳ್ಳೆಯ ಮನಸ್ಸಿನವಳು. ಇಷ್ಟು ಕಷ್ಟಪಟ್ಟು ಬರೆದ ಹುಡುಗಿಗೆ ಕೆಟ್ಟ ಸೀಲು ಯಾಕೆ ಎಂದುಕೊಂಡು ಒಳ್ಳೆಯದನ್ನು ಒತ್ತಿದಳು.

ಹನ್ನೊಂದನೇ ದಿನ ಮಿಡತೆ ತರಗತಿಯ ಬಾಗಿಲಿಗೆ ಬಂದಾಗ ಪಾಠ ಮಾಡುತ್ತಿದ್ದ ಉಪನ್ಯಾಸಕರು ಕುರ್ಚಿಯಿಂದ ಎದ್ದು ನಿಂತರು. ಎಂದೂ ಯಾರಿಗೂ ಏಳದವರು.

"ಬನ್ನಿ ಬನ್ನಿ. ತಾವು ಇಲ್ಲಿವರೆಗೂ ಯಾಕೆ ಬರೋದಕ್ಕೆ ಹೋದ್ರಿ?"

ಮಿಡತೆ ಹಿಂದೆ ತಿರುಗಿ ನೋಡಿದಳು. ಅವಳ ಹಿಂದೆ ಯಾರೂ ಇರಲಿಲ್ಲ.

"ಸರ್, ಕ್ಲಾಸಿಗೆ ಬಂದೆ."

"ನಿವೃತ್ತರಿಗೆ ತರಗತಿ ಇಲ್ವಲ್ಲ. ಹಾಜರಿ ಪುಸ್ತಕದಲ್ಲಿ ಕಚೇರಿಯೋರೇ ಬರೆದು ಕಳಿಸಿದ್ದಾರೆ." ಅವರು ಪುಸ್ತಕ ತಿರುಗಿಸಿ ತೋರಿಸಿದರು. ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ದುಂಡಗೆ ಬರೆದಿತ್ತು: ಯೋಜನೆ ಪೂರ್ಣಗೊಂಡು ನಿವೃತ್ತ.

ಅವಳು ಕಚೇರಿಗೆ ಓಡಿದಳು. ಗುಮಾಸ್ತೆ ಸೀಲಿನ ಕಥೆಯನ್ನೆಲ್ಲ ಹೇಳಿ, ಕೈ ಹಿಡಿದು ಅಭಿನಂದಿಸಿ, "ಪಿಂಚಣಿ ಮಾತ್ರ ಅರವತ್ತಾದ ಮೇಲೇ ಶುರುವಾಗೋದು, ಅದಕ್ಕೆ ಬೇಜಾರು ಮಾಡ್ಕೋಬೇಡಿ," ಎಂದಳು.

"ಮೇಡಂ, ನಂಗೆ ಹತ್ತೊಂಬತ್ತು ವರ್ಷ!"

"ಕಾಣೋದೇ ಇಲ್ಲ," ಎಂದಳು ಗುಮಾಸ್ತೆ ಮೆಚ್ಚುಗೆಯಿಂದ. ಯಾವ ಅರ್ಥದಲ್ಲಿ ಎಂದು ಮಿಡತೆಗೆ ತಿಳಿಯಲಿಲ್ಲ.

ಶುಕ್ರವಾರ ಸಭಾಂಗಣದಲ್ಲಿ ಬೀಳ್ಕೊಡುಗೆ ನಡೆಯಿತು. ಮಿಡತೆ ಬೇಡ ಎನ್ನುವಷ್ಟರಲ್ಲಿ ಕುರ್ಚಿ ಜೋಡಿಸಿ ಆಗಿತ್ತು. ಪ್ರಾಂಶುಪಾಲರು ಮೈಕಿನ ಮುಂದೆ ನಿಂತು, "ಈ ಕಾಲೇಜಿನ ಹೆಮ್ಮೆ ಇವರು. ಮೂವತ್ತೊಂಬತ್ತು ವರ್ಷ ಒಂದು ದಿನವೂ ದಣಿಯದೆ ದುಡಿದರು. ಇನ್ನಾದರೂ ಆರಾಮವಾಗಿರಲಿ," ಎಂದರು. ಗ್ರಂಥಪಾಲಕರು ಎದ್ದು, ಇವರು ಒಯ್ದ ಒಂದೇ ಒಂದು ಪುಸ್ತಕವೂ ತಡವಾಗಿ ಬಂದದ್ದಿಲ್ಲ ಎಂದು ಗದ್ಗದಿತರಾದರು. ಅವರ ಪುಸ್ತಕವೊಂದು ಏಳು ವಾರದಿಂದ ಮಿಡತೆಯ ಚೀಲದಲ್ಲೇ ಇತ್ತು. ಅವಳು ಚೀಲವನ್ನು ಕಾಲಿನಿಂದ ಕುರ್ಚಿಯ ಕೆಳಕ್ಕೆ ತಳ್ಳಿದಳು. ಮುಂದಾಲೋಚನೆ ಸಾಹೇಬರಂತೂ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ಅವರ ನಮೂನೆಯಿಂದ ಒಂದು ಬದುಕು ಪೂರ್ತಿಯಾದದ್ದು ಅದೇ ಮೊದಲು. ಕೊನೆಗೆ ಒಂದು ಗೋಡೆ ಗಡಿಯಾರ ಕೊಟ್ಟರು. ನಿಜವಾಗಿ ಅತ್ತವಳು ಬೆಂಚಿನ ಗೆಳತಿ ಒಬ್ಬಳೇ. ಇನ್ನು ಪರೀಕ್ಷೆಯಲ್ಲಿ ಪಕ್ಕದಲ್ಲಿ ಯಾರಿರುತ್ತಾರೆ ಎಂದು.

ಗಡಿಯಾರ ಹಿಡಿದು ಮನೆಗೆ ಬಂದ ಮಗಳನ್ನು ನೋಡಿ ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು. ಮಿಡತೆ ಆದದ್ದನ್ನೆಲ್ಲ ಹೇಳಿದಳು. ಅಪ್ಪ ಗಡಿಯಾರವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇಪ್ಪತ್ತಾರು ವರ್ಷದಿಂದ ದುಡೀತಿದ್ದೀನಿ," ಎಂದ. "ನನ್ನ ಕೈಲಿ ಆಗಲಿಲ್ಲ, ನೀನು ಮಾಡಿಬಿಟ್ಟೆ. ಶಭಾಷ್ ಅನ್ನಬೇಕೋ ಬೆನ್ನಿಗೆ ಎರಡು ಹಾಕಬೇಕೋ ಗೊತ್ತಾಗ್ತಿಲ್ಲ."

ಅಜ್ಜಿಗೆ ಹೊಟ್ಟೆಯುರಿ. "ಎಪ್ಪತ್ತೆರಡಾಯ್ತು ನಂಗೆ. ಇನ್ನೂ ಗುಂಡಿಮನೆ ಹೊಲೀತಿದ್ದೀನಿ. ಅಳಿಯಂದಿರೇ, ಆ ಸೀಲು ಎಲ್ಲಿ ಸಿಗುತ್ತೆ ಅಂತ ವಿಚಾರ್ಸಿ."

ನಿವೃತ್ತಿಯ ಮೊದಲ ವಾರ ಮಿಡತೆ ಕೈಕಾಲು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದಳು. ಗಂಟೆ ಹೊಡೆದಾಗ ಓಡಲು ತರಗತಿಯಿಲ್ಲ, ತಪ್ಪಿಸಿಕೊಳ್ಳಲು ಪಾಠವಿಲ್ಲ. ಬೆಳಗ್ಗೆ ಉದ್ಯಾನವನದ ಬೆಂಚಿನಲ್ಲಿ ಕೂತರೆ ಪಕ್ಕದ ಹಿರಿಯರು, ಸುದ್ದಿ ಅವರಿಗೂ ತಲುಪಿತ್ತು, ಸರಿದು ಜಾಗ ಕೊಟ್ಟು ಮೊಣಕಾಲು ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದಳು. ಯಾರೂ ನಂಬಲಿಲ್ಲ. ಮುಚ್ಚಿಡಬೇಡಿ, ಇದೆಲ್ಲ ಇದ್ದದ್ದೇ ಎಂದು ಒಬ್ಬರು ಎಣ್ಣೆಯ ಶೀಶೆ ಕೊಟ್ಟು ಹೋದರು.

ಎರಡನೇ ವಾರ ಮುಂದಾಲೋಚನೆ ಸಾಹೇಬರು ಮನೆಗೇ ಬಂದರು. ಪ್ರತಿ ಬುಧವಾರ ಕಿರಿಯ ವಿದ್ಯಾರ್ಥಿಗಳಿಗೆ ತಾವು ಅನುಭವ ಹಂಚಿಕೊಳ್ಳಬೇಕು ಎಂದು ಬಿನ್ನವಿಸಿಕೊಂಡರು. ಮಿಡತೆ ಹೋದಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ನೋಟ್‌ಬುಕ್ ತೆರೆದು, "ಮೇಡಂ, ಹವಾಮಾನ ಕೇಂದ್ರದಲ್ಲಿ ಹತ್ತು ವರ್ಷ ಇದ್ರಲ್ಲ, ಕೆಲಸ ಹೇಗಿತ್ತು?" ಎಂದು ಕೇಳಿದಳು.

ಇಲ್ಲ ಎಂದರೆ ಸುಳ್ಳುಗಾತಿ; ಹೌದು ಎಂದರೂ ಸುಳ್ಳುಗಾತಿ. "ಮುಂದಿನ ಬುಧವಾರ ವಿವರವಾಗಿ ಹೇಳ್ತೀನಿ," ಎಂದಳು. ಮರುದಿನವೇ ಊರಂಚಿನ ದಿಬ್ಬ ಹತ್ತಿದಳು. ತಾನು ಮಾಡಿದ ಕೆಲಸ ಎಂಥದ್ದೆಂದು ತಾನೂ ಒಮ್ಮೆ ನೋಡಬೇಕಲ್ಲ.

ಹವಾಮಾನ ಕೇಂದ್ರವೆಂದರೆ ಒಂದು ಕೋಣೆ, ಬೇಲಿ ಹಾಕಿದ ಹುಲ್ಲು, ಕಾಲಿನ ಮೇಲೆ ನಿಂತ ಬಿಳಿ ಪೆಟ್ಟಿಗೆ, ಮಳೆ ಅಳೆಯುವ ಡಬ್ಬ. ಅಲ್ಲಿದ್ದ ಒಬ್ಬನೇ ನೌಕರ ಅವಳ ನಮೂನೆಯ ನಕಲು ಓದಿ ಖುಷಿಪಟ್ಟ. ತಮ್ಮಲ್ಲಿ ಹತ್ತು ವರ್ಷ ಇದ್ದವರು ನೋಡಲು ಬಂದದ್ದು ಇದೇ ಮೊದಲಂತೆ; ಉಳಿದವರೆಲ್ಲ ದಿಬ್ಬ ಇಳಿದವರು ತಿರುಗಿಯೂ ನೋಡಿರಲಿಲ್ಲ. ಅವನು ಪುಸ್ತಕ ಕೊಟ್ಟು ಡಬ್ಬದ ಅಳತೆ ಬರೆಯಲು ಹೇಳಿದ. ಡಬ್ಬ ಒಣಗಿತ್ತು. ಅವಳು ಸೊನ್ನೆ ಬರೆದಳು. ಮರುದಿನವೂ ಸೊನ್ನೆ. ಮೂರನೇ ದಿನ ಪುಟ ಹಿಂದಕ್ಕೆ ತಿರುವಿದರೆ, ಬೇಸಗೆಯುದ್ದಕ್ಕೂ ಸೊನ್ನೆಗಳು ಸಾಲಾಗಿ ಕೂತು ಅವಳನ್ನೇ ನೋಡುತ್ತಿದ್ದವು.

"ಮೋಡ ನೋಡೋದಿಲ್ವಾ?" ಎಂದು ಕೇಳಿದಳು.

"ಕೆಲಸ ಬಿಟ್ಟು ಮೋಡ ನೋಡ್ತಾ ಕೂತ್ರೆ ಸೊನ್ನೆ ಯಾರು ಬರೀತಾರೆ?" ಎಂದ ಅವನು.

ಆ ಬುಧವಾರ ಅವಳು ಕಿರಿಯರಿಗೆ ಇದನ್ನೆಲ್ಲ ಹೇಳಿದಳು. ನಂಗೆ ಮೋಡ ಇಷ್ಟ, ಆ ಕೆಲಸ ಇಷ್ಟ ಇಲ್ಲ, ಎರಡೂ ಬೇರೆ ಅಂತ ಗೊತ್ತಾಗೋಕೆ ಹತ್ತು ವರ್ಷ ಬೇಕಾಯ್ತು ಎಂದಳು. ಹುಡುಗಿ ಅದನ್ನೂ ಬರೆದುಕೊಂಡು ಅಡಿಗೆರೆ ಎಳೆದಳು.

ಪಾದರಕ್ಷೆಯ ಕಾರ್ಖಾನೆಯ ಹದಿನಾಲ್ಕು ವರ್ಷ ಎರಡೇ ಗಂಟೆಯಲ್ಲಿ ಮುಗಿಯಿತು. ಅಂಟಿನ ವಾಸನೆ ಮೂಗಿಗೆ ಹೊಡೆದ ಕೂಡಲೇ ತಲೆ ಸಿಡಿಯತೊಡಗಿತು. ಮನೆಗೆ ಬಂದು ಒದ್ದೆ ಬಟ್ಟೆ ಹಣೆಗೆ ಕಟ್ಟಿಕೊಂಡು ಮಲಗಿದಳು. ಚಪ್ಪಲಿ ಅಂಗಡಿಯ ಮುಂದೆ ಎರಡು ನಿಮಿಷ ನಿಲ್ಲುವುದೇ ತನ್ನ ಪಾಲಿನ ಪಾದರಕ್ಷೆ ಎಂದು ಅವಳಿಗೆ ಖಚಿತವಾಯಿತು.

ಉಳಿದದ್ದು ಹಲ್ಲು.

ಹಲ್ಲಕ್ಕನ ಕೋಣೆಗೆ ಕಿಟಕಿ ಒಂದೇ. ಅದರ ಕೆಳಗೆ ಉದ್ದದ ಮೇಜು. ಮೇಜಿನ ಮೇಲೆ ಊರಿನ ಅರ್ಧ ಜನರ ದವಡೆಗಳು ಬಿಳಿ ಪ್ಲಾಸ್ಟರಿನಲ್ಲಿ ಸಾಲಾಗಿ ಒಣಗುತ್ತಿದ್ದವು. ಗುಲಾಬಿ ಬಣ್ಣದ ಮೇಣದ ಹಾಳೆಗಳು, ಒಂದು ಸಣ್ಣ ದೀಪ, ಬಾಯಿಯ ಹಾಗೆ ತೆರೆದು ಮುಚ್ಚುವ ಹಿತ್ತಾಳೆಯ ಕೀಲು. ಹಲ್ಲಕ್ಕ ಐವತ್ತೆರಡರ ಗಟ್ಟಿ ಹೆಂಗಸು. ಕನ್ನಡಕ ಹಣೆಗೇರಿಸಿ ನಮೂನೆ ಓದಿದಳು.

"ಹದಿಮೂರು ವರ್ಷ ನನ್ನ ಹತ್ರ ಕೆಲಸ ಮಾಡಿದ್ದೀಯ ಅಂತ ಬರ್ಕೊಂಡಿದ್ದೀಯಲ್ಲ. ನಾನು ನಿನ್ನ ಮುಖಾನೇ ನೋಡಿಲ್ಲ."

"ಅದು ಇನ್ನೂ ಮುಂದೆ, ಅಕ್ಕ. ನಂಗೆ ನಲವತ್ತಾರು ಆದಾಗಿಂದ."

ಹಲ್ಲಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. "ಆಗ ನಂಗೆ ಎಪ್ಪತ್ತೊಂಬತ್ತು. ನೀನು ಬಿಡೋ ಹೊತ್ತಿಗೆ ತೊಂಬತ್ತೊಂದು. ಅಲ್ವೇ, ತೊಂಬತ್ತೊಂದರವರೆಗೂ ನನ್ನ ಕೈಲಿ ಅಂಗಡಿ ನಡೆಸಿದ್ದೀಯಾ?" ಎಂದು ಗದರಿದಳು. ಆಮೇಲೆ ಏನೋ ಹೊಳೆದಂತೆ ಅವಳ ಮುಖ ಸಡಿಲವಾಯಿತು. "ಅಂದ್ರೆ ತೊಂಬತ್ತೊಂದರವರೆಗೂ ನಾನು ಇರ್ತೀನಿ. ಕಣ್ಣೂ ಕಾಣ್ತಿರುತ್ತೆ. ಕಚೇರಿ ಸೀಲು ಬೇರೆ ಬಿದ್ದಿದೆ." ಮೂಲೆಯ ಸ್ಟೂಲು ಎಳೆದಳು. "ಕೂತ್ಕೋ."

ಮೊದಲ ಕೆಲಸ ಪ್ಲಾಸ್ಟರು ಕಲಸುವುದು. ಗುಳ್ಳೆ ಬರಬಾರದು. ಬಂದರೆ ದವಡೆಯಲ್ಲಿ ತೂತು ಬೀಳುತ್ತದೆ. ತೂತು ಬಿದ್ದ ದವಡೆಯ ಮೇಲೆ ಮಾಡಿದ ಹಲ್ಲು ಯಾರ ಬಾಯಿಗೂ ಕೂರುವುದಿಲ್ಲ. ಮಿಡತೆ ಹನ್ನೊಂದು ದವಡೆ ಹಾಳುಮಾಡಿದಳು. ಪ್ರತಿ ಸಲವೂ ಹಲ್ಲಕ್ಕ, "ಹದಿಮೂರು ವರ್ಷದ ಅನುಭವ ನೋಡು," ಎಂದು ಬುಟ್ಟಿಗೆ ಎಸೆಯುತ್ತಿದ್ದಳು. ಹನ್ನೆರಡನೆಯದು ನುಣ್ಣಗೆ ಬಂತು. ಮಿಡತೆ ಅದನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿದಳು. ಉಳಿದಿದ್ದ ಹಲ್ಲುಗಳಲ್ಲಿ ಎಡಗಡೆಯವು ಮಾತ್ರ ಸವೆದಿದ್ದವು.

"ಅಕ್ಕ, ಇವರು ಎಡಗಡೆಯಿಂದ ಮಾತ್ರ ಅಗೀತಾರೆ. ಬಲಗಡೆ ಏನೋ ತೊಂದರೆ."

"ತೊಂದರೆ ಏನೂ ಇಲ್ಲ. ಅವರದು ದಲ್ಲಾಳಿ ಕೆಲಸ. ಬಲಗಿವೀಲಿ ಫೋನು ಇಟ್ಕೊಂಡೇ ಇಪ್ಪತ್ತು ವರ್ಷ ಊಟ ಮಾಡಿದ್ದಾರೆ," ಎಂದಳು ಹಲ್ಲಕ್ಕ. ಆದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹುಡುಗಿಯನ್ನು ಒಮ್ಮೆ ನೋಡಿದಳು.

ಆವತ್ತು ಮಿಡತೆ ಮನೆಗೆ ಹೋಗಬೇಕಾದ ಹೊತ್ತು ಮೀರಿದ್ದು ಗೊತ್ತೇ ಆಗಲಿಲ್ಲ. ಆಮೇಲೆ ದಿನಾ ಹಾಗೇ ಆಯಿತು. ಒಂದು ಬಾಯಿ ನಗುವಾಗ ಎಷ್ಟು ಹಲ್ಲು ಕಾಣಬೇಕು, ವಯಸ್ಸಾದವರಿಗೆ ತೀರ ಬಿಳಿ ಹಲ್ಲು ಕೊಟ್ಟರೆ ಅದು ಯಾಕೆ ಬೇರೆಯವರ ಹಲ್ಲಿನಂತೆ ಕಾಣುತ್ತದೆ, ಮುಂದಿನ ಹಲ್ಲನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ತಳ್ಳಿದರೆ ಮಾತು ಹೇಗೆ ಬದಲಾಗುತ್ತದೆ, ಇದೆಲ್ಲ ಅವಳ ತಲೆಯಲ್ಲಿ ಗುಂಯ್‌ಗುಡತೊಡಗಿತು. ಮೇಣದಲ್ಲಿ ಹಲ್ಲು ಕೂರಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ಮೂರು ತಿಂಗಳು ಕಳೆದರೂ ಮಿಡತೆ ಎಲ್ಲಿಗೂ ಹಾರಲಿಲ್ಲ. ಅಪ್ಪ ಗಾಬರಿಯಾಗಿ, "ಅವಳಿಗೆ ಜ್ವರ ಏನಾದ್ರೂ ಇದೆಯಾ ನೋಡು," ಎಂದು ಅಮ್ಮನಿಗೆ ಹೇಳಿದ.

ನಾಲ್ಕನೇ ತಿಂಗಳು ಹಲ್ಲಕ್ಕ ಕಡ್ಡಿ ಮುರಿದಂತೆ ಹೇಳಿದಳು. "ಕೈ ಇದೆ ನಿಂಗೆ. ಆದ್ರೆ ಕೈ ಇದ್ರೆ ಸಾಲದು, ಕಾಗದ ಬೇಕು. ಎರಡು ವರ್ಷದ ಕೋರ್ಸು ಮಾಡ್ಬೇಕು. ಅದಕ್ಕೆ ಮೊದಲು ಡಿಗ್ರಿ ಮುಗಿಸ್ಬೇಕು. ಹೋಗು, ಕಾಲೇಜಿಗೆ ಹೋಗಿ ಓದು. ಮಧ್ಯಾಹ್ನದ ಮೇಲೆ ಇಲ್ಲಿಗೆ ಬಾ."

"ಅಕ್ಕ, ನಾನು ನಿವೃತ್ತಳಾಗಿದ್ದೀನಲ್ಲ."

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಊರೆಲ್ಲ ಅಳುತ್ತೆ. ನಿಂಗೆ ಎರಡೂ ಇವೆ. ಹೋಗಿ ಆ ನಿವೃತ್ತೀನ ವಾಪಸ್ ಕೊಟ್ಟು ಬಾ."

ಮಿಡತೆ ಅರ್ಜಿ ಹಿಡಿದು ಮುಂದಾಲೋಚನೆ ಸಾಹೇಬರ ಮುಂದೆ ನಿಂತಳು. ಅವರ ಮುಖ ಬಿಳಿಚಿಕೊಂಡಿತು.

"ಹಿಂದಕ್ಕೆ ಹೋಗೋದಕ್ಕೆ ಕಾಲಂ ಇಲ್ಲ ಮೇಡಂ. ಅದೂ ಅಲ್ಲದೆ..." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ತಾವೊಬ್ರೇ ಪೂರ್ಣಗೊಂಡಿರೋದು. ತಾವೂ ಅಪೂರ್ಣವಾದ್ರೆ ನನ್ನ ವಿಭಾಗವೇ ಮುಚ್ಚಿಹೋಗುತ್ತೆ."

"ಸರ್, ನಿಮ್ಮ ಮುಂದಿನ ಯೋಜನೆ ಏನು?"

ಯಾರೂ ಅವರನ್ನು ಈ ಪ್ರಶ್ನೆ ಕೇಳಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು. "ನಂದು ತಾತ್ಕಾಲಿಕ ಹುದ್ದೆ. ನನ್ನ ಯೋಜನೆ ಬರೋ ತಿಂಗಳ ಹದಿನೈದರವರೆಗೆ ಮಾತ್ರ ಇದೆ."

ಮಿಡತೆಗೆ ಅಯ್ಯೋ ಎನಿಸಿತು. ಆದರೂ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳಿಗೆ ಈಗ ಬೇಕಾದದ್ದು ಏನೆಂದು ಗೊತ್ತಿತ್ತು. ಅಂಥ ಸ್ಥಿತಿ ಅವಳಿಗೂ ಹೊಸದು.

ವಿಚಾರಣೆ ಪ್ರಾಂಶುಪಾಲರ ಕೋಣೆಯಲ್ಲಿ ನಡೆಯಿತು. ಪ್ರಾಂಶುಪಾಲರು, ಸಾಹೇಬರು, ಕಡತ ಹಿಡಿದ ಗುಮಾಸ್ತೆ. ಮಿಡತೆ ತಾನು ಕಂಡದ್ದನ್ನೆಲ್ಲ ಹೇಳಿದಳು, ಸೊನ್ನೆ, ಅಂಟು, ಹಲ್ಲು. ಪ್ರಾಂಶುಪಾಲರು ತಲೆಯಾಡಿಸಿದರು.

"ಆಗೋದಿಲ್ಲ. ಒಮ್ಮೆ ಮುಗಿದದ್ದು ಮುಗೀತು. ಇಡೀ ಕಾಲೇಜಿಗೆ ಒಬ್ಬರೇ ಒಬ್ಬರು ಗುರಿ ಮುಟ್ಟಿದ್ದು. ಅದನ್ನೂ ಅಳಿಸ..." ಎಂದವರು ತಟ್ಟನೆ ತುಟಿ ಬಿಗಿದು, "ಅದನ್ನೂ ಒರೆ... ಅದನ್ನೂ ಇಲ್ಲ ಅನ್ನೋಕೆ ಆಗೋದಿಲ್ಲ," ಎಂದು ಮುಗಿಸಿದರು.

ಮಿಡತೆಯ ಕಿವಿ ನೆಟ್ಟಗಾಯಿತು. "ಅಳಿಸ" ಎಂಬಲ್ಲಿ ಸಣ್ಣದೊಂದು ಸಿಳ್ಳೆ ಕೇಳಿಸಿತ್ತು. "ಒರೆಸು" ಎಂಬ ಮಾತು ಬಾಯಿಗೆ ಬರುವ ಮೊದಲೇ ಅವರು ಹಾದಿ ಬದಲಿಸಿದ್ದರು. ಅವಳು ಅವರ ಮುಂದಿನ ಮಾತುಗಳನ್ನು ಅರ್ಥಕ್ಕಲ್ಲ, ಅಕ್ಷರಕ್ಕಾಗಿ ಕೇಳಿದಳು. ಸಮಿತಿ ಎನ್ನಬೇಕಾದಲ್ಲಿ "ನಾವು ಮೂವರು" ಎಂದರು. ಸರಿ ಎನ್ನಬೇಕಾದಲ್ಲಿ "ಹೂಂ" ಎಂದರು. ಮಾತಿನ ನಡುವೆ ಮೇಲ್ತುಟಿ ಕೆಳಗಿಳಿದು ಏನನ್ನೋ ಒತ್ತಿಹಿಡಿಯುತ್ತಿತ್ತು.

"ಸರ್," ಎಂದಳು ಮಿಡತೆ, ತಡೆದುಕೊಳ್ಳಲಾರದೆ, "ನಿಮ್ಮ ಮೇಲಿನ ಸೆಟ್ಟಿನ ಮುಂದಿನ ಎರಡು ಹಲ್ಲು ಮುಂದಕ್ಕೆ ಕೂತಿವೆ. ಸಕಾರ ಬಂದಾಗ ಗಾಳಿ ಅದರ ಸಂದೀಲಿ ಓಡುತ್ತೆ. ಅದಕ್ಕೇ ನೀವು ಸಕಾರಾನೇ ಬಿಟ್ಟಿದ್ದೀರಿ."

ಸಾಹೇಬರು ನೆಲ ನೋಡಿದರು. ಗುಮಾಸ್ತೆ ಕಡತದಿಂದ ಬಾಯಿ ಮುಚ್ಚಿಕೊಂಡಳು.

"ನೀವಿಬ್ಬರೂ ಹೊರಗೆ ಹೋಗಿ," ಎಂದರು ಪ್ರಾಂಶುಪಾಲರು.

ಬಾಗಿಲು ಮುಚ್ಚಿದ ಮೇಲೆ ಅವರು ಬಹಳ ಹೊತ್ತು ಮೇಜಿನ ಗಾಜನ್ನು ಉಜ್ಜಿದರು. "ಎಂಟು ವರ್ಷ ಆಯ್ತು," ಎಂದರು. "ಮನೆಯವಳನ್ನ ಬಾಯಿ ತುಂಬ ಕರೆದಿಲ್ಲ. 'ಇವಳೇ' ಅಂತೀನಿ. ಅವಳನ್ನ ಕರೆಯೋದು ಯಾವ ಅಕ್ಷರದಿಂದ ಶುರು ಅಂತ ನಿಮಗೆ ಈಗ ಗೊತ್ತಾಯ್ತಲ್ಲ. ಪ್ರೀತಿ ಕಡಿಮೆ ಆಯ್ತು ಅಂತ ಅವಳು ಕೋಪ ಮಾಡ್ಕೊಂಡಿದ್ದಾಳೆ. ಅದನ್ನ ರಿಪೇರಿ ಮಾಡೋಕಾಗುತ್ತಾ?"

"ಆಗುತ್ತೆ ಸರ್. ನನ್ನ ಅರ್ಜಿ ಏನೇ ಆದ್ರೂ ನೀವು ನಾಳೆ ಹಲ್ಲಕ್ಕನ ಹತ್ರ ಬನ್ನಿ. ಒಂದು ಕೂದಲೆಳೆ ಹಿಂದಕ್ಕೆ ತಳ್ಳಿದ್ರೆ ಸಾಕು."

ಅವರು ಕಣ್ಣು ಒದ್ದೆ ಮಾಡಿಕೊಂಡು ಬಾಗಿಲು ತೆರೆದರು. ಹೊರಗೆ ಗುಮಾಸ್ತೆ ಆಗಲೇ ನಿಯಮದ ದಪ್ಪ ಪುಸ್ತಕ ತೆರೆದುಕೊಂಡು ನಿಂತಿದ್ದಳು. ಸೀಲಿನ ದಿನದಿಂದ ಅವಳ ಮನಸ್ಸಿಗೆ ಮುಳ್ಳು ಚುಚ್ಚಿದಂತಿತ್ತೋ ಏನೋ.

"ನಿವೃತ್ತೀನ ರದ್ದು ಮಾಡೋದಕ್ಕೆ ಬರೋದಿಲ್ಲ ಸರ್, ನಿಜ. ಆದ್ರೆ ನಿವೃತ್ತರನ್ನ ವರ್ಷಕ್ಕೊಂದು ಸಲ ಒಪ್ಪಂದ ಮಾಡ್ಕೊಂಡು ಮರುನೇಮಕ ಮಾಡ್ಕೋಬಹುದು. ಯಾವ ಹುದ್ದೆಗೆ ಅಂತ ಹೇಳಿಲ್ಲ. ವಿದ್ಯಾರ್ಥಿ ಹುದ್ದೆ ಒಂದು ಖಾಲಿ ಇದೆ."

"ಯಾರದು?" ಎಂದರು ಸಾಹೇಬರು.

"ಇವರದೇ."

ಹೀಗೆ ಮಿಡತೆ ನಿವೃತ್ತಿಯ ನಂತರ ಒಂದು ವರ್ಷದ ಒಪ್ಪಂದದ ಮೇಲೆ ಎರಡನೇ ವರ್ಷದ ವಿದ್ಯಾರ್ಥಿನಿಯಾಗಿ ಮರಳಿ ನೇಮಕಗೊಂಡಳು. ಅವಳ ಒಪ್ಪಂದವನ್ನು ವರ್ಷ ವರ್ಷ ನವೀಕರಿಸಲು ಅಧಿಕಾರಿಯೊಬ್ಬ ಬೇಕೇ ಬೇಕಾದ್ದರಿಂದ, ಸಾಹೇಬರ ಹುದ್ದೆಯನ್ನೂ ಅಷ್ಟು ದಿನ ಮುಂದುವರಿಸಲಾಯಿತು. ಅವರು ಅಂದು ಮೊದಲ ಬಾರಿಗೆ ಬರುವ ವರ್ಷದ ಕ್ಯಾಲೆಂಡರ್ ಕೊಂಡರಂತೆ.

ತರಗತಿಯಲ್ಲಿ ಸ್ವಲ್ಪ ದಿನ ಮುಜುಗರವಾಯಿತು. ಉಪನ್ಯಾಸಕರು ಅವಳಿಗೆ ಬಹುವಚನ ಬಿಡಲಿಲ್ಲ. ಪ್ರಶ್ನೆಗೆ ಉತ್ತರ ಗೊತ್ತಿಲ್ಲ ಎಂದರೆ, "ನೋಡ್ರಪ್ಪ, ಹಿರಿಯರ ವಿನಯ," ಎಂದು ಉಳಿದವರಿಗೆ ಬುದ್ಧಿ ಹೇಳುತ್ತಿದ್ದರು. ಬೆಂಚಿನ ಗೆಳತಿಗೆ ಮಾತ್ರ ಹೋದ ಜೀವ ಬಂದಂತಾಯಿತು. ಮಿಡತೆ ಮಧ್ಯಾಹ್ನದವರೆಗೆ ಓದಿದಳು, ಆಮೇಲೆ ಹಲ್ಲಕ್ಕನ ಸ್ಟೂಲು. ಪುಸ್ತಕ ಮೊದಲಿಗಿಂತ ಹಗುರ ಎನಿಸಿತು. ಯಾಕೆ ಓದುತ್ತಿದ್ದೇನೆ ಎಂಬುದು ಗೊತ್ತಿದ್ದರೆ ಹಾಗಾಗುತ್ತದೆಯೇನೋ.

ಪ್ರಾಂಶುಪಾಲರ ಮೇಲಿನ ಸೆಟ್ಟನ್ನು ಹಲ್ಲಕ್ಕ ಅವಳ ಕೈಗೇ ಕೊಟ್ಟಳು. "ನೀನೇ ತಾನೆ ಕಂಡುಹಿಡಿದದ್ದು, ನೀನೇ ಮಾಡು." ಅಳತೆ, ಅಚ್ಚು, ಮೇಣ, ಎಲ್ಲ ಅವಳದೇ, ಹಲ್ಲಕ್ಕ ಹೆಗಲ ಮೇಲಿಂದ ನೋಡುತ್ತ ಎರಡು ಸಲ ಮಾತ್ರ "ಹುಂ ಹುಂ" ಎಂದಳು. ಕೊನೆಗೆ ನಯ ಮಾಡುವ ಚಕ್ರಕ್ಕೆ ಹಿಡಿದು ಹೊಳಪು ಬಂದಾಗ, ಮಿಡತೆ ಅದನ್ನು ಬೆಳಕಿಗೆ ಹಿಡಿದು ನಕ್ಕಳು. ಅದೂ ನಕ್ಕಂತೆ ಕಂಡಿತು.

ಅದಾಗಿ ಹದಿನೈದು ದಿನಕ್ಕೆ ಹೊಸ ವಿದ್ಯಾರ್ಥಿಗಳನ್ನು ಸ್ವಾಗತಿಸುವ ಕಾರ್ಯಕ್ರಮವಿತ್ತು. ಪ್ರಾಂಶುಪಾಲರು ಮೈಕು ಹಿಡಿದರು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಕೂತಿದ್ದರು, ಹೊಸ ಮದುಮಗಳ ಹಾಗೆ ಕೆಂಪೇರಿಕೊಂಡು.

"ಸಭಿಕರೇ! ಸಜ್ಜನರೇ! ಸಹೋದರ ಸಹೋದರಿಯರೇ!" ಎಂದು ಶುರುಮಾಡಿದವರು ಎಂಟು ವರ್ಷದ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ತೀರಿಸುವಂತೆ ಸುರಿದರು. ಸಂತಸ, ಸಂಭ್ರಮ, ಸಾಧನೆ, ಸಾಹಸ, ಸೊಗಸು, ಸರಸ. ಸಂದರ್ಭವಿಲ್ಲದೆ ಸಾಸಿವೆ ಎಂದೂ ಎಂದರು. ಮುಕ್ಕಾಲು ಗಂಟೆಯಾಯಿತು. ಹುಡುಗರು ಆಕಳಿಸಿದರು, ಸಾಹೇಬರು ಗಡಿಯಾರ ನೋಡಿಕೊಂಡರು, ಗುಮಾಸ್ತೆ ತೂಕಡಿಸಿದಳು.

ಹಿಂದಿನ ಸಾಲಿನಲ್ಲಿ ಕೂತಿದ್ದ ಮಿಡತೆ ಮಾತ್ರ ಕುರ್ಚಿಯ ಅಂಚಿಗೆ ಸರಿದು ಕತ್ತು ಮುಂದೆ ಚಾಚಿ ಕೇಳುತ್ತಿದ್ದಳು. ಸಿಳ್ಳೆ ಹೋಗಿತ್ತು. ಆದರೆ "ಸಂಸ್ಥೆ" ಎಂದಾಗಲೆಲ್ಲ ಎಡಗಡೆ, ಹಿಂದಿನಿಂದ ಎರಡನೆಯ ಹಲ್ಲಿನಲ್ಲಿ ಸಣ್ಣಗೆ ಟಿಕ್ ಎನ್ನುತ್ತಿತ್ತು.

"ಎಷ್ಟು ಚೆನ್ನಾಗಿ ಮಾತಾಡ್ತಾರಲ್ವಾ?" ಎಂದಳು ಬೆಂಚಿನ ಗೆಳತಿ, ವ್ಯಂಗ್ಯವಾಗಿ.

"ಶ್! ಸುಮ್ನಿರು, ಇನ್ನೊಂದ್ಸಲ ಹೇಳ್ಲಿ," ಎಂದು ಮಿಡತೆ ಅವಳ ಮೊಣಕೈ ಹಿಡಿದಳು. ಪ್ರಾಂಶುಪಾಲರು ಮತ್ತೆ ಸಂಸ್ಥೆ ಎಂದರು. ಟಿಕ್. ಅವಳು ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡಳು: ಎಡ ದವಡೆ, ಹಿಂದಿನಿಂದ ಎರಡು, ಒಳಅಂಚು ಸ್ವಲ್ಪ ಉಜ್ಜಬೇಕು.